ಸುಟ್ಟ ಊರಿಗೆ ಮತ್ತೆ ಸೂರು

ನಮ್ಮ ಕರಾವಳಿಯ ಇತಿಹಾಸವನ್ನು ಓದಲು ಕುಳಿತರೆ ಬೆಂಕಿಯ ಸುದ್ದಿ ಮೇಲಿಂದ ಮೇಲೆ ಬರುತ್ತದೆ. 1505ರಲ್ಲಿ ಹೊನ್ನಾವರ ಸುಟ್ಟಿತು. 1542ರಲ್ಲಿ ಭಟ್ಕಳ ಸುಟ್ಟಿತು. 1569ರಲ್ಲಿ ಮತ್ತೆ ಹೊನ್ನಾವರದ ಸರದಿ. ಹದಿನೆಂಟನೆಯ ಶತಮಾನದ ಕೊನೆಗೆ ಕುಮಟಾ ಸುಟ್ಟಿತು, ಅದೂ ಎರಡು ಸಲ. ಐವತ್ತು ಮೈಲಿಯೊಳಗಿನ ಮೂರು ಪೇಟೆಗಳು ಇಷ್ಟು ಸಲ ಬೂದಿಯಾಗಿದ್ದರೂ ಇಂದಿಗೂ ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ನಿಂತಿವೆ. ಹಾಗಾದರೆ ಯಾರೋ ಮತ್ತೆ ಕಟ್ಟಿರಲೇಬೇಕಲ್ಲವೇ? ಕಟ್ಟಿದವರು ಯಾರು?

ಸುಟ್ಟವರ ಹೆಸರು ನಮಗೆ ಚೆನ್ನಾಗಿ ಗೊತ್ತು. ಫ್ರಾನ್ಸಿಸ್ಕೊ ದ ಅಲ್ಮೇಡಾ, ಮಾರ್ಟಿಮ್ ಅಫೊನ್ಸೊ ದ ಸೋಜಾ, ಲೂಯಿಸ್ ದ ಅತೈದೆ. ಇವರೆಲ್ಲ ಇಂಡಿಯದ ಪೋರ್ಚುಗೀಸ್ ಸರಕಾರದ ಮುಖ್ಯಸ್ಥರು. ಇವರ ಜೊತೆಗೆ ಬರೆಯುವವರಿದ್ದರು. ಗಾಸ್ಪರ್ ಕೊರೆಯ, ಜೊವಾಂವ್ ದ ಬಾರೋಸ್ ಮುಂತಾದವರು ತಮ್ಮವರ ದಂಡಯಾತ್ರೆಗಳನ್ನು ಬಿಡದೆ ದಾಖಲಿಸಿದರು. ಯಾವ ಹೊಳೆಯ ಬಾಯಲ್ಲಿ ಹಡಗು ನಿಂತಿತು, ಯಾವ ಕಡೆಯಿಂದ ದಂಡು ಇಳಿಯಿತು, ಕೊಳ್ಳೆಯನ್ನು ಹೇಗೆ ಹಂಚಿಕೊಂಡರು ಎಂಬುದೆಲ್ಲ ಅವರ ಪುಸ್ತಕಗಳಲ್ಲಿದೆ. ಆದರೆ ಹಡಗುಗಳು ಹಾಯಿ ಬಿಚ್ಚಿ ಹೊರಟ ದಿನಕ್ಕೇ ಅವರ ಬರಹವೂ ನಿಂತುಬಿಡುತ್ತದೆ. ಮರುದಿನ ಬೆಳಿಗ್ಗೆ ಹೊಗೆಯಾಡುವ ಓಣಿಗೆ ಮರಳಿದವರ ಕಥೆಯನ್ನು ಬರೆಯುವುದು ಅವರ ಕೆಲಸವಾಗಿರಲಿಲ್ಲ. ನಮ್ಮ ಕೆಲಸವಾಗಿತ್ತು, ನಾವೂ ಮಾಡಲಿಲ್ಲ. ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಆ ಕಾಲದ ಕಾದಂಬರಿಗಳು ಬಂದಿವೆ. ವಸುಧೇಂದ್ರರ ‘ತೇಜೋ-ತುಂಗಭದ್ರಾ’ 2019ರಲ್ಲಿ ಲಿಸ್ಬನ್ನನ್ನೂ ವಿಜಯನಗರವನ್ನೂ ಒಂದೇ ಕಥೆಯೊಳಗೆ ತಂದಿತು. ಗಜಾನನ ಶರ್ಮರು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ಕಾದಂಬರಿಯನ್ನೇ ಬರೆದರು. ರಾಣಿಗೆ ಕಥೆ ಸಿಕ್ಕಿತು. ರಾಣಿಯ ಪೇಟೆಯಲ್ಲಿ ಅಂಗಡಿ ಸುಟ್ಟುಕೊಂಡ ಕುಟುಂಬಕ್ಕೂ ಒಂದು ಕಥೆ ಸಲ್ಲಬೇಕು. ಆ ಕಥೆಗೆ ಬೇಕಾದ ಸಾಮಗ್ರಿ ನಮ್ಮ ನೆಲದಲ್ಲೇ ಬಿದ್ದಿದೆ.

ಬೆಂಕಿಗೆ ಮೊದಲು

ಸುಟ್ಟದ್ದೇನು ಎಂದು ತಿಳಿಯಬೇಕಾದರೆ ಮೊದಲು ಅಲ್ಲಿ ಏನಿತ್ತು ಎಂದು ನೋಡಬೇಕು. 1342ರ ಸುಮಾರಿಗೆ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಅವನ ಬರಹದಲ್ಲಿ ಊರಿನ ಹೆಸರು ಹಿನಾವರ. ಜಮಾಲುದ್ದೀನ್ ಎಂಬ ಸುಲ್ತಾನ ಆಗ ಅಲ್ಲಿ ಆಳುತ್ತಿದ್ದ. ಆತ ಹರಿಹರನೆಂಬ ಹಿಂದೂ ಅರಸನಿಗೆ ಅಧೀನನಾಗಿದ್ದನೆಂದೂ ಇಬ್ನ್ ಬತೂತ ಹೇಳುತ್ತಾನೆ. ಊರಿನಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು, ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದು ಬರೆದಿದ್ದಾನೆ. ದೆಹಲಿಯನ್ನು, ಕೈರೊವನ್ನು ಕಂಡು ಬಂದವನು ಬೆರಗಾಗಿ ಬರೆದ ಮಾತಿದು. ಹೊಲಿಗೆಯಿಲ್ಲದ ಬಟ್ಟೆಯನ್ನು ಸುತ್ತಿ ಉಟ್ಟು, ಮೂಗಿಗೆ ಚಿನ್ನದ ನತ್ತು ಇಟ್ಟುಕೊಂಡ ಆ ಹೆಂಗಸರು ಉಡುಗೆಯಲ್ಲಿ ಈ ಮಣ್ಣಿನವರೇ ಆಗಿದ್ದರು.

ಭಟ್ಕಳದ್ದು ಇನ್ನೂ ದೊಡ್ಡ ವ್ಯಾಪಾರ. ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ದುವಾರ್ತೆ ಬಾರ್ಬೋಸನ ಪ್ರಕಾರ, ಹೋರ್ಮುಜ್‌ನಿಂದ ಕುದುರೆ ಮತ್ತು ಮುತ್ತು ಇಲ್ಲಿಗೆ ಬರುತ್ತಿದ್ದವು. ಇಲ್ಲಿಂದ ಅಕ್ಕಿ, ಪುಡಿಸಕ್ಕರೆ, ಕಬ್ಬಿಣ, ಅಳಲೆಕಾಯಿ ಹೋಗುತ್ತಿದ್ದವು. ಕುದುರೆ ಘಟ್ಟ ಹತ್ತಿ ವಿಜಯನಗರ ಸೇರುತ್ತಿತ್ತು. ನಮ್ಮ ತೀರದ ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಕಟ್ಟುತ್ತಿದ್ದುದನ್ನೂ ಬಾರ್ಬೋಸ ವರ್ಣಿಸಿದ್ದಾನೆ. ಅವನು ನೋಡಿದ್ದು ನಮ್ಮ ಅಜ್ಜಿಯಂದಿರ ಅಟ್ಟದಲ್ಲಿರುತ್ತಿದ್ದ ಅಕ್ಕಿ ಮುಡಿಯನ್ನೇ!

ಈ ಶ್ರೀಮಂತಿಕೆ ಯಾವಾಗಲೂ ನೆಮ್ಮದಿಯದಾಗಿರಲಿಲ್ಲ. ಕುದುರೆ ಎಂದರೆ ಆ ಕಾಲದ ಯುದ್ಧ ಸಾಮಗ್ರಿ. ಯಾರಿಗೆ ಮಾರಿದರೂ ಇನ್ನೊಬ್ಬರ ಹಗೆ ಕಟ್ಟಿಕೊಂಡಂತೆ. 1479ರ ಸುಮಾರಿಗೆ ಭಟ್ಕಳದ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿನಿಂದ ವಿಜಯನಗರದ ಅರಸರ ಆಜ್ಞೆಯ ಮೇರೆಗೆ ಅವರ ಕೊಲೆಯಾಯಿತೆಂದು, ಸತ್ತವರು ಹತ್ತು ಸಾವಿರ ಎಂದು ಬಾರೋಸ್ ಬರೆದಿದ್ದಾನೆ. ಈ ಸಂಖ್ಯೆ ಹಿಗ್ಗಿದ್ದಿರಬಹುದು. ಹಳೆಯ ಬರಹಗಾರರಿಗೆ ಹತ್ತು ಸಾವಿರವೆಂದರೆ ‘ಬಹಳ ಮಂದಿ’ ಎಂದಷ್ಟೇ ಅರ್ಥವಿರುತ್ತದೆ. ಉಳಿದವರು ಓಡಿ ಗೋವೆಯಲ್ಲಿ ನೆಲೆಯೂರಿದರು. ಹಾಗಿದ್ದೂ ಮೂರು ದಶಕ ಕಳೆಯುವಷ್ಟರಲ್ಲಿ ಬಾರ್ಬೋಸ ಕಂಡ ಭಟ್ಕಳದಲ್ಲಿ ಮುಸ್ಲಿಂ ವರ್ತಕರು ಮತ್ತೆ ತುಂಬಿಕೊಂಡಿದ್ದರು. ಬೆಂಕಿಗೆ ಮೊದಲೇ ಈ ಊರು ಒಮ್ಮೆ ಬರಿದಾಗಿ ಮತ್ತೆ ತುಂಬುವುದನ್ನು ಕಲಿತಿತ್ತು ಎಂದಾಯಿತು.

ಹಡಗುಗಳು ಬಂದವು

1502ರಲ್ಲಿ ವಾಸ್ಕೊ ಡ ಗಾಮಾ ಎರಡನೆಯ ಬಾರಿ ಬಂದಾಗ ಭಟ್ಕಳದಿಂದ ಅಕ್ಕಿಯ ಕಪ್ಪ ಕೇಳಿ ಪಡೆದ. ಖಲಾಸಿಗಳಿಗೆ ದಪ್ಪ ಅಕ್ಕಿ, ಕಪ್ತಾನರಿಗೆ ಸಣ್ಣಕ್ಕಿ ಎಂದು ಕರಾರಿನಲ್ಲೇ ಭೇದವಿತ್ತು. ದಬ್ಬಾಳಿಕೆಯಲ್ಲೂ ಅವರು ಅಂತಸ್ತು ಮರೆಯಲಿಲ್ಲ. 1505ರಲ್ಲಿ ಅಲ್ಮೇಡಾ ಅಂಜುದೀವ ದ್ವೀಪದಲ್ಲಿ ಕೋಟೆ ಕಟ್ಟಿ ಹೊನ್ನಾವರಕ್ಕೆ ಬಂದ. ಶರಾವತಿಯ ಬಾಯಲ್ಲಿದ್ದ ಹಡಗುಗಳಿಗೂ ಊರಿಗೂ ಬೆಂಕಿಯಿಟ್ಟ. ಆಗ ಹೊನ್ನಾವರದ ಪರವಾಗಿ ಸಂಧಿಗೆ ಹೋದವನು ಅಲ್ಲಿನ ಕಡಲ ನಾಯಕ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಎಂದರು. ಐದೇ ವರ್ಷಗಳ ನಂತರ, 1510ರಲ್ಲಿ, ಅಲ್ಬುಕರ್ಕ್‌ಗೆ ಗೋವೆಯನ್ನು ಹಿಡಿಯೆಂದು ಸಲಹೆ ಕೊಟ್ಟು ಜೊತೆಗೆ ನಿಂತವನೂ ಈತನೇ! ಇವನನ್ನು ದ್ರೋಹಿ ಎನ್ನುವವರಿದ್ದಾರೆ, ಚಾಣಾಕ್ಷ ಎನ್ನುವವರಿದ್ದಾರೆ. ಸುಟ್ಟ ಬಂದರಿನವನೊಬ್ಬ ಸುಟ್ಟವನ ಜೊತೆಗೇ ವ್ಯವಹಾರಕ್ಕೆ ಇಳಿಯಬೇಕಾದ ಪರಿಸ್ಥಿತಿಯನ್ನು ಈ ಎರಡು ಪದಗಳೂ ಹೇಳುವುದಿಲ್ಲ.

ಬೆಂಕಿಗಿಂತ ನಿಧಾನವಾಗಿ ಸುಡುವ ಇನ್ನೊಂದು ಅಸ್ತ್ರವೂ ಇತ್ತು. ಅದರ ಹೆಸರು ಕಾರ್ತಾಜ್, ಅಂದರೆ ಪೋರ್ಚುಗೀಸರ ಪರವಾನಿಗೆ ಚೀಟಿ. ಅದಿಲ್ಲದೆ ಕಡಲಿಗಿಳಿದ ಹಡಗನ್ನು ಹಿಡಿಯಬಹುದಿತ್ತು, ಸುಡಬಹುದಿತ್ತು. ಕುದುರೆ ತರುವ ಹಡಗುಗಳು ಗೋವೆಗೇ ಬರಬೇಕು ಎಂದು ಕಟ್ಟಳೆ ಮಾಡಿದರು. ಭಟ್ಕಳದ ಹೊಟ್ಟೆಯ ಮೇಲೆ ಬಿದ್ದ ಹೊಡೆತವದು. ಚೀಟಿಯಿಲ್ಲದೆ ಓಡಾಡಿದವರು ಪೋರ್ಚುಗೀಸರ ಭಾಷೆಯಲ್ಲಿ ಕಡಲ್ಗಳ್ಳರಾದರು.

1542ರ ದಾಳಿಗೆ ಹೇಳಿದ ಕಾರಣವೂ ಇದೇ: ಭಟ್ಕಳದ ರಾಣಿ ಕಪ್ಪ ಕೊಟ್ಟಿಲ್ಲ, ಕಳ್ಳರಿಗೆ ಆಶ್ರಯ ಕೊಟ್ಟಿದ್ದಾಳೆ. ಆ ವರ್ಷವಷ್ಟೇ ಅಧಿಕಾರಕ್ಕೆ ಬಂದಿದ್ದ ಗವರ್ನರ್ ಸೋಜಾ ಸ್ವತಃ ದಂಡು ತಂದ. ಭಟ್ಕಳದವರು ಹೋರಾಡಿ ಹಿಂದೆ ಸರಿದರು. ಊರೊಳಗೆ ನುಗ್ಗಿದ ಸಿಪಾಯಿಗಳು ಕೊಳ್ಳೆಗಾಗಿ ತಮ್ಮತಮ್ಮಲ್ಲೇ ಕಚ್ಚಾಡಿದರು. ಅದನ್ನು ಕಂಡು ಊರಿನವರು ತಿರುಗಿ ಬಿದ್ದು ಅವರನ್ನು ದೋಣಿಗಳವರೆಗೆ ಅಟ್ಟಿದರು. ಈ ಮಾತನ್ನು ಪೋರ್ಚುಗೀಸ್ ಬರಹಗಾರರೇ ಒಪ್ಪಿಕೊಂಡಿದ್ದಾರೆ. ಅವಮಾನಗೊಂಡ ಗವರ್ನರ್ ಮತ್ತೆ ಇಳಿದು ಬಂದು ಊರನ್ನು ಬೆಂಕಿಗೂ ಕತ್ತಿಗೂ ಒಪ್ಪಿಸಿದ.

ಒಂದು ಮನೆಯನ್ನು ಊಹಿಸಿಕೊಳ್ಳೋಣ

ಇಲ್ಲಿಂದ ಮುಂದೆ ಬರಹಗಾರರು ಮೌನ. ಆದ್ದರಿಂದ ನಾವೇ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಅಂಥ ಮನೆಗಳು ಎಷ್ಟೋ ಇದ್ದವು. ಶರಾಬಿ ಹೊಳೆಯಿಂದ ಕೂಗಳತೆಯಲ್ಲಿರುವ ಓಣಿಯಲ್ಲಿ ನವಾಯತರ ಮನೆ. ಯಜಮಾನ ಅಕ್ಕಿ, ಸಕ್ಕರೆಯ ವ್ಯಾಪಾರಿ. ದೊಡ್ಡ ಮಗ ಹೋರ್ಮುಜ್‌ಗೆ ಹೋದವನು ಇನ್ನೂ ಬಂದಿಲ್ಲ. ಮನೆಯಲ್ಲಿ ಹೆಂಗಸರು, ಮಕ್ಕಳು, ಒಬ್ಬಳು ಮುದುಕಿ. ದಂಡು ಬರುತ್ತದೆಂಬ ಸುದ್ದಿ ತಿಳಿದಾಗ ಇವರು ಹೋಗಬಹುದಾಗಿದ್ದು ಪೂರ್ವಕ್ಕೆ, ಗುಡ್ಡದ ಕಡೆಗೆ. ಕೈಯಲ್ಲಿ ಒಯ್ಯಬಹುದಾದದ್ದು ಚಿನ್ನ, ಲೆಕ್ಕದ ಕಾಗದಗಳು, ಒಂದು ಮುಸ್‌ಹಫ್. ಅಕ್ಕಿ ಮುಡಿಗಳನ್ನು ಹೊತ್ತು ಓಡಲಾದೀತೇ?

ಮರಳಿ ಬಂದಾಗ ಏನು ಉಳಿದಿತ್ತು? ಗೋಡೆಗಳು ಉಳಿದಿರುತ್ತವೆ. ನಮ್ಮ ತೀರದ ಕೆಂಪು ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಂದಂತೆ ಗಟ್ಟಿಯಾಗುತ್ತದೆ. ಅದಕ್ಕೆ ಬೆಂಕಿ ತಾಗಿದರೂ ಕರಿ ಹಿಡಿಯುವುದೇ ಹೆಚ್ಚು. ಸುಡುವುದು ಮಾಡು. ಆ ಕಾಲದ ಸಾಮಾನ್ಯರ ಮನೆಗಳಿಗೆಲ್ಲ ಹುಲ್ಲು, ಅಡಿಕೆ ಸೋಗೆ ಅಥವಾ ಹೆಣೆದ ತೆಂಗಿನ ಗರಿಯ ಹೊದಿಕೆ. ಒಣಹವೆಯಲ್ಲಿ ಒಂದು ಕಿಡಿ ಸಾಕು, ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಂಕಿ ಸೂರಿನಿಂದ ಸೂರಿಗೆ ಹಾರುತ್ತದೆ.

ಆದರೆ ಇದೇ ಮಾಡಿನಲ್ಲಿ ಒಂದು ಸಮಾಧಾನವೂ ಇತ್ತು. ಗರಿಯ ಮಾಡನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದೆಸಲೇಬೇಕಿತ್ತು. ಬೆಂಕಿ ಬೀಳದ ವರ್ಷವೂ ಈ ಕೆಲಸ ತಪ್ಪಿದ್ದಲ್ಲ. ಗರಿ ನೆನೆಹಾಕುವುದು, ಹೆಣೆಯುವುದು, ನಾರಿನ ಹಗ್ಗದಿಂದ ಬಿಗಿಯುವುದು ಎಲ್ಲ ಮನೆಯವರಿಗೂ ಗೊತ್ತಿದ್ದ ಕಸುಬು. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎಂಬ ಮುಯ್ಯಾಳು ಪದ್ಧತಿ ಈ ಕಡೆ ಮೊನ್ನೆಮೊನ್ನೆಯವರೆಗೂ ಇತ್ತು. ಮೃಗಶಿರಾ ಮಳೆ ಬೀಳುವ ಮೊದಲು ತಲೆಯ ಮೇಲೊಂದು ಸೂರು ಆಗಬೇಕು. ಅದು ಗವರ್ನರ್‌ನ ಆಜ್ಞೆಗಿಂತ ಕಟ್ಟುನಿಟ್ಟಾದ ಗಡುವು. ಹೀಗಾಗಿ ಮನೆ ಒಂದು ಋತುವಿನಲ್ಲಿ ಎದ್ದು ನಿಲ್ಲುತ್ತದೆ.

ಹಡಗು ಹಾಗಲ್ಲ. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ಕಟ್ಟುತ್ತಿದ್ದ ಆ ಕಾಲದ ಹಡಗಿಗೆ ಘಟ್ಟದಿಂದ ಮರ ಇಳಿಸಬೇಕು, ಒಣಗಿಸಬೇಕು, ಹೊಲಿಯಬೇಕು. ಒಂದೆರಡು ವರ್ಷವಾದರೂ ಬೇಕು. ತೆಂಗಿನ ಮರದ್ದು ಇನ್ನೂ ದೂರದ ಮಾತು. ಈ ತೀರದಲ್ಲಿ ಪೋರ್ಚುಗೀಸ್ ದಂಡಿಗೆ ಊರು ಸುಟ್ಟ ಮೇಲೆ ತೆಂಗಿನ ತೋಟ ಕಡಿಯುವ ಅಭ್ಯಾಸವಿತ್ತು. ಇದು ಬರೀ ಸಿಟ್ಟಿನಿಂದ ಮಾಡಿದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು. ಊರ ತೆಂಗು ನೆಟ್ಟರೆ ಕಾಯಿ ಬಿಡಲು ಆರೇಳು ವರ್ಷ. ಅಲ್ಲಿಯವರೆಗೆ ಎಣ್ಣೆಯಿಲ್ಲ, ಹಗ್ಗಕ್ಕೆ ನಾರಿಲ್ಲ, ಮಾಡಿಗೆ ಗರಿಯಿಲ್ಲ, ಹಡಗು ಹೊಲಿಯಲು ದಾರವಿಲ್ಲ. ಮನೆಯನ್ನು ಸುಟ್ಟವನು ಒಂದು ವರ್ಷವನ್ನು ಸುಡುತ್ತಾನೆ. ತೋಟ ಕಡಿದವನು ಮಗುವೊಂದು ಹುಟ್ಟಿ ಶಾಲೆಗೆ ಹೋಗುವಷ್ಟು ಕಾಲವನ್ನು ಕಡಿಯುತ್ತಾನೆ.

ಹಾಗಾದರೆ ಆ ಕುಟುಂಬದ ಬದುಕು ಆರೇಳು ವರ್ಷ ನಡೆದದ್ದು ಹೇಗೆ? ಇಲ್ಲಿ ಕಡಲ ವ್ಯಾಪಾರದ ಒಂದು ಹಳೆಯ ಏರ್ಪಾಟನ್ನು ನೆನಪಿಸಿಕೊಳ್ಳಬೇಕು. ಅರಬ್ಬಿಯಲ್ಲಿ ಅದಕ್ಕೆ ಮುದಾರಬ ಎಂದು ಹೆಸರು. ಒಬ್ಬ ಬಂಡವಾಳ ಹಾಕುತ್ತಾನೆ, ಇನ್ನೊಬ್ಬ ಅದನ್ನು ಹೊತ್ತು ಕಡಲ ದಾಟಿ ದುಡಿಯುತ್ತಾನೆ. ಲಾಭವನ್ನು ಮೊದಲೇ ಗೊತ್ತುಮಾಡಿದ ಪಾಲಿನಂತೆ ಹಂಚಿಕೊಳ್ಳುತ್ತಾರೆ. ದುಡಿಯುವವನ ತಪ್ಪಿಲ್ಲದೆ ಸರಕು ಮುಳುಗಿದರೆ ಅಥವಾ ಸುಟ್ಟರೆ ನಷ್ಟ ಬಂಡವಾಳದವನದು. ದುಡಿದವನು ಕಳೆದುಕೊಳ್ಳುವುದು ತನ್ನ ಶ್ರಮವನ್ನು ಮಾತ್ರ. ಬಡ್ಡಿ ಸಾಲದಲ್ಲಿ ಹೀಗಿಲ್ಲ. ಅಲ್ಲಿ ಊರೇ ಉರಿದರೂ ಸಾಲ ಉರಿಯುವುದಿಲ್ಲ. ವಿಮೆಯಿಲ್ಲದ ಕಾಲದಲ್ಲಿ ಬೆಂಕಿಯ ಪೆಟ್ಟು ಒಂದೇ ಮನೆಯ ಮೇಲೆ ಬೀಳದೆ ಹೋರ್ಮುಜ್, ಏಡನ್, ಭಟ್ಕಳಗಳಲ್ಲಿ ಚದುರಿದ ಪಾಲುದಾರರ ಮೇಲೆ ಹಂಚಿ ಬೀಳುವಂತೆ ಮಾಡಿದ್ದು ಇಂಥ ಏರ್ಪಾಟು. ನಮ್ಮ ಊಹೆಯ ಮನೆಯ ದೊಡ್ಡ ಮಗ ಹೋರ್ಮುಜ್‌ನಲ್ಲಿದ್ದನಲ್ಲವೇ? ಸುಟ್ಟ ಮನೆಯ ಒಂದು ಕಂಬ ಕಡಲಾಚೆ ನಿಂತೇ ಇತ್ತು.

ಇನ್ನೊಂದು ಕಂಬ ಘಟ್ಟದ ಕೆಳಗಿನ ಗದ್ದೆಗಳಲ್ಲಿತ್ತು. ಭಟ್ಕಳದ ಅಕ್ಕಿಯನ್ನು ಬೆಳೆದವರು ನವಾಯತರಲ್ಲ, ಒಳಊರಿನ ರೈತರು. ಸಕ್ಕರೆ, ಮೆಣಸು, ಕಬ್ಬಿಣವನ್ನು ಎತ್ತುಗಳ ಮೇಲೆ ಇಳಿಸಿದವರು ಬೇರೆ ಜನ. ಕೊಂಕಣಿ ವರ್ತಕರು, ಜೈನ ಶೆಟ್ಟರು, ಕಲ್ಲುಕುಟಿಗರು, ಅಂಬಿಗರು ಎಲ್ಲರೂ ಈ ಬಂದರನ್ನು ನಂಬಿದವರು. ಸುಟ್ಟದ್ದು ಒಂದು ಜಾತಿಯ ಓಣಿಯಲ್ಲ, ಜೈನ ರಾಣಿಯ ಪೇಟೆ. ರೈತನ ಮುಡಿಯನ್ನು ಕೊಳ್ಳುವ ವರ್ತಕನಿಲ್ಲದಿದ್ದರೆ ರೈತನಿಗೂ ಉಳಿವಿಲ್ಲ. ಬೆಂಕಿಯ ನಂತರ ಮುಂದಿನ ಸುಗ್ಗಿಗೆ ಮತ್ತೆ ಎತ್ತುಗಳು ಭಟ್ಕಳದ ದಾರಿ ಹಿಡಿದಿರಬೇಕು. ಇಲ್ಲವಾದರೆ ಆರೇ ವರ್ಷಗಳಲ್ಲಿ, 1548ರಲ್ಲಿ, ಪೋರ್ಚುಗೀಸರು ಅದೇ ರಾಣಿಯ ರಾಜ್ಯದೊಡನೆ ಹೊಸ ಕರಾರು ಮಾಡಿಕೊಳ್ಳುವ ಅಗತ್ಯವೇನಿತ್ತು? ಬೂದಿಯ ರಾಶಿಯೊಡನೆ ಯಾರೂ ಕರಾರು ಮಾಡಿಕೊಳ್ಳುವುದಿಲ್ಲ. ಕಟ್ಟಿದವರ ಬಗ್ಗೆ ಪೋರ್ಚುಗೀಸರ ಕಾಗದ ತಿಳಿಯದೆ ಕೊಟ್ಟ ಸಾಕ್ಷ್ಯ ಅದೊಂದು.

ಭಟ್ಕಳಕ್ಕೆ ಹೋದವರು ಅಲ್ಲಿನ ಖೇತಪೈ ನಾರಾಯಣ ದೇವಸ್ಥಾನವನ್ನೂ ಚಂದ್ರನಾಥೇಶ್ವರ ಬಸದಿಯನ್ನೂ ನೋಡಬೇಕು. ಖೇತಪೈ ದೇವಸ್ಥಾನ ಆ ಹದಿನಾರನೆಯ ಶತಮಾನದ್ದೇ. ಇಳಿಜಾರು ಮಾಡನ್ನು ಮರದಲ್ಲಿ ಕಟ್ಟುವ ರೀತಿಯಲ್ಲೇ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ್ದಾರೆ. ಜಡಿಮಳೆಯ ನಾಡಿಗೆ ಹೊಂದಿದ ರೀತಿಯದು. ಗರಿಯ ಸೂರಿನ ಊರಿನಲ್ಲಿ ದೇವರಿಗೆ ಮಾತ್ರ ಸುಡದ ಸೂರು ಸಿಕ್ಕಿತ್ತು. ಸಾಮಾನ್ಯರ ಮನೆಗೆ ಅಂಥ ಭಾಗ್ಯ ಬರಲು ಇನ್ನೂ ಮುನ್ನೂರು ವರ್ಷ ಕಾಯಬೇಕಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಓಣಿಗಳನ್ನು ಬೆಂಕಿಯ ಭಯದಿಂದ ಬಿಡಿಸಿದ್ದರಲ್ಲಿ ಯಾವ ರಾಜನಿಗಿಂತಲೂ ಆ ಕೆಂಪು ಹೆಂಚಿನ ಪಾಲು ದೊಡ್ಡದು.

ಏಳದೇ ಹೋದ ಊರು

ಸುಟ್ಟ ಊರುಗಳೆಲ್ಲ ಏಳುತ್ತವೆ ಎಂದೇನಿಲ್ಲ. ಹಾಗೆಯೇ, ಬೆಂಕಿಯಿಲ್ಲದೆಯೂ ಊರು ಸಾಯಬಹುದು. ಶರಾವತಿಯ ದಂಡೆಯಲ್ಲೇ ಒಳಗಿರುವ ಗೇರುಸೊಪ್ಪೆ ಇದಕ್ಕೆ ಉದಾಹರಣೆ. ಮೆಣಸಿನ ರಾಣಿ ಎಂದು ಪೋರ್ಚುಗೀಸರೇ ಕರೆದ ಚೆನ್ನಭೈರಾದೇವಿಯ ರಾಜಧಾನಿಯದು. 1565ರ ರಕ್ಕಸ-ತಂಗಡಿಯ ಯುದ್ಧದ ನಂತರ ಘಟ್ಟದ ಮೇಲಿನ ದೊಡ್ಡ ಗಿರಾಕಿಯಾದ ವಿಜಯನಗರವೇ ಇಲ್ಲವಾಯಿತು. 1569ರಲ್ಲಿ ವೈಸರಾಯ್ ಅತೈದೆ ಹೊನ್ನಾವರವನ್ನು ಸುಟ್ಟು ಅಲ್ಲಿನ ಕೋಟೆಯಲ್ಲಿ ತನ್ನವರನ್ನು ಕೂರಿಸಿದ. ಹೊಳೆಯ ಬಾಯಿಯೇ ಬೇರೆಯವರ ಕೈಗೆ ಹೋಯಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆ ಕೆಳದಿಯವರ ಪಾಲಾಯಿತು. 1623ರಲ್ಲಿ ಇಕ್ಕೇರಿಗೆ ಹೋಗುತ್ತ ಅಲ್ಲಿ ತಂಗಿದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡದ್ದು ಪಾಳುಬಿದ್ದು ಗಿಡಗಂಟಿ ಬೆಳೆದ ನಗರವನ್ನು. ಇಂದು ನಗರಬಸ್ತಿಕೇರಿಯ ಕಾಡಿನೊಳಗೆ ಚತುರ್ಮುಖ ಬಸದಿ ಒಂಟಿಯಾಗಿ ನಿಂತಿದೆ. ಬಸದಿ ಗಟ್ಟಿಯಾಗಿಯೇ ಇದೆ. ಸುತ್ತ ಪೇಟೆಯಿಲ್ಲ, ಅಷ್ಟೆ.

ಭಟ್ಕಳಕ್ಕೂ ಗೇರುಸೊಪ್ಪೆಗೂ ಇದ್ದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಊರನ್ನು ಏಳಿಸುವುದು ಗೋಡೆಯ ಗಟ್ಟಿತನವಲ್ಲ. ಆ ಊರಿನವರಿಗೆ ಹೊರಗೆ ದುಡಿಯುವ ಜಾಗವೂ, ಒಳಗೆ ಮರಳಿ ಬರುವ ಕಾರಣವೂ ಇರಬೇಕು. ಗೇರುಸೊಪ್ಪೆಗೆ ಅರಮನೆಯೇ ಕಾರಣವಾಗಿತ್ತು. ಅರಮನೆ ಹೋದ ಮೇಲೆ ಮರಳುವವರಿಗೆ ಕಾರಣವೂ ಹೋಯಿತು.

ಕುಮಟಾದ ಮಾತು

ನಮ್ಮಲ್ಲಿ ಕೆಲವರು ಈ ಬೆಂಕಿಯ ಕಥೆಗಳನ್ನು ಹೇಳುವಾಗ ಸುಟ್ಟವರ ಪಟ್ಟಿಯನ್ನು ತಮಗೆ ಬೇಕಾದಲ್ಲಿಗೆ ನಿಲ್ಲಿಸುತ್ತಾರೆ. ಒಬ್ಬರಿಗೆ ಪೋರ್ಚುಗೀಸರು ಸಾಕು, ಇನ್ನೊಬ್ಬರಿಗೆ ಟಿಪ್ಪು ಸಾಕು. ಪಟ್ಟಿಯನ್ನು ಪೂರ್ತಿ ಓದುವುದೇ ಲೇಸು.

ಟಿಪ್ಪು ಸುಲ್ತಾನರ ಪತನದ ನಂತರ, 1801ರಲ್ಲಿ, ಕಂಪೆನಿ ಸರಕಾರದ ಪರವಾಗಿ ಕೆನರಾವನ್ನು ಸುತ್ತಿದ ಡಾ. ಫ್ರಾನ್ಸಿಸ್ ಬುಕನನ್ ಕುಮಟಾದ ಬಗ್ಗೆ ಬರೆಯುತ್ತಾನೆ. ಅವನ ಪ್ರಕಾರ ಅದು ಹಿಂದೆ ಹೆಸರಾಗಿದ್ದ ಊರು. ನೇರವಾದ ಓಣಿಗಳು, ಎರಡೂ ಕಡೆ ಕಲ್ಲಿನ ಪಾಗಾರ, ತೆಂಗಿನ ತೋಟಗಳು. ಎರಡು ಸಲ ಟಿಪ್ಪುವಿನ ದಂಡು ಪಕ್ಕದಲ್ಲಿ ಬೀಡುಬಿಟ್ಟಾಗ ಸೈನ್ಯದ ಜೊತೆ ಬಂದ ಕಾಯಂ ಅಲ್ಲದ ಪಡೆಯವರು ಊರನ್ನು ಸುಟ್ಟರು. ಹೊನ್ನಾವರದ ಕಥೆಯೂ ಹೀಗೇ. ಹೈದರಾಲಿ ಅಲ್ಲಿ ಯುದ್ಧನೌಕೆಗಳ ಕಟ್ಟೆಯನ್ನೇ ಮಾಡಿದ್ದರು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಕೋಟೆಯನ್ನು ಕೈವಶ ಮಾಡಿಕೊಂಡಿತು. ಮಂಗಳೂರು ಒಪ್ಪಂದದಿಂದ ಊರು ಮರಳಿ ಕೈಸೇರಿದ ಮೇಲೆ ಟಿಪ್ಪು ಅದನ್ನು ಕೆಡವಿಸಿದರೆಂದು ಬುಕನನ್ ಹೇಳುತ್ತಾನೆ. ಬುಕನನ್ ಗೆದ್ದವರ ಸಂಬಳ ತಿನ್ನುವವನು. ಟಿಪ್ಪುವಿನ ಬಗ್ಗೆ ಅವನ ಮಾತಿನಲ್ಲಿ ಕಹಿ ಇದ್ದೇ ಇದೆ. ಆದರೆ ಕುಮಟಾದ ಓಣಿಯ ಬಗ್ಗೆ ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ಸುಲ್ತಾನರನ್ನು ಗೌರವಿಸುವ ನಾವು ಇದನ್ನೂ ಒಪ್ಪಿಕೊಂಡು ಗೌರವಿಸಬೇಕು. ಮಾಡು ಸುಟ್ಟುಕೊಂಡ ಮನೆಯವಳಿಗೆ ಬೆಂಕಿಯಿಟ್ಟವನ ಬಾವುಟದ ಬಣ್ಣದಿಂದ ಏನು ವ್ಯತ್ಯಾಸವಾಗುತ್ತದೆ?

ಕುಮಟಾ ಎದ್ದ ಬಗೆ ಬೇರೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಇಂಡಿಯದ ಹತ್ತಿಗೆ ಬಾಯಿಬಿಟ್ಟವು. ಧಾರವಾಡದಲ್ಲಿ ಬೆಳೆದ ಹತ್ತಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು! ಒಂದು ಬೊಳ್ಳೆ ಹತ್ತಿಯನ್ನೂ ಬೆಳೆಯದ ಊರು ಹತ್ತಿಯ ಒಂದು ಜಾತಿಗೇ ಹೆಸರು ಕೊಟ್ಟಿತು. ಎರಡು ಸಲ ಬೂದಿಯಾದ ಊರು ಹೀಗೆ ಏಳಬಹುದೆಂದು ಬುಕನನ್‌ಗೆ ಯಾರಾದರೂ ಹೇಳಿದ್ದರೆ ನಗುತ್ತಿದ್ದನೇನೋ. ಆ ವೈಭವವೂ ಬಹುಕಾಲ ಉಳಿಯಲಿಲ್ಲ. ಸರಕಾರ ಕಾರವಾರದ ಬಂದರಿಗೆ ಒಲವು ತೋರಿಸಿತು, 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂತು, ಗಾಡಿಗಳು ನಿಂತವು. ಬೆಂಕಿ ಮಾಡಲಾಗದ್ದನ್ನು ರೈಲಿನ ಹಳಿ ಮಾಡಿತು.

ಮನೆಯವರನ್ನು ಬಿಟ್ಟುಹೋದ ಊರು

ಅದೇ ಬುಕನನ್ ಭಟ್ಕಳದಲ್ಲಿ ಐನೂರು ಮನೆಗಳನ್ನು, ಎರಡು ಮಸೀದಿಗಳನ್ನು ಕಂಡ. ಇಲ್ಲಿನ ಮುಸ್ಲಿಮರಲ್ಲಿ ಅನೇಕರು ಅನುಕೂಲಸ್ಥರು, ವ್ಯಾಪಾರಕ್ಕಾಗಿ ತೀರದ ಬೇರೆ ಬೇರೆ ಊರುಗಳಿಗೆ ಹೋಗುತ್ತಾರೆ, ಆದರೆ ಇದೇ ಅವರ ಮನೆ, ಕುಟುಂಬವನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ ಎಂದು ಬರೆದ. 1801ರ ಈ ಸಾಲನ್ನು ಇಂದಿನ ಭಟ್ಕಳದ ಬಗ್ಗೆ ಬರೆದರೂ ಒಂದಕ್ಷರ ತಿದ್ದಬೇಕಿಲ್ಲ. ಹೋಗುವ ಊರುಗಳು ಮಾತ್ರ ಬದಲಾಗಿವೆ. ಹೋರ್ಮುಜ್ ಹೋಗಿ ಮದರಾಸು, ಕಲಕತ್ತೆ, ಕೊಲಂಬೊ ಬಂದವು. ನಂತರ ದುಬೈ ಬಂತು.

ಇದರಿಂದ ಒಂದು ಮಾತು ಹೊರಡುತ್ತದೆ. ಗಂಡಸರು ಕಡಲಾಚೆ ಇರುವ ಊರಿನಲ್ಲಿ ಬೆಂಕಿ ಬಿದ್ದಾಗ ಇದ್ದವರು ಯಾರು? ಹೆಂಗಸರು. ಯಾವುದನ್ನು ಹೊರಗೆ ತರಬೇಕು, ಯಾರ ಮನೆಗೆ ಮಕ್ಕಳನ್ನು ಕಳಿಸಬೇಕು, ಯಾವ ಬಳೆಯನ್ನು ಮಾರಬೇಕು, ಯಾವ ತೋಟವನ್ನು ಮಾರಕೂಡದು ಎಂದು ತೀರ್ಮಾನಿಸಿದವರು ಅವರೇ ಆಗಿರಬೇಕು. ನವಾಯತಿ ಭಾಷೆಯನ್ನೇ ನೋಡಿ. ಬುಡ ಕೊಂಕಣಿಯದು, ಅರಬ್ಬಿ, ಪಾರಸಿಯ ಪದಗಳು ಅದರೊಳಗೆ ಸೇರಿವೆ. ಅರಬ್ಬಿ ಕಡಲಿನಿಂದ ಬಂದ ಗಂಡಸಿನ ಭಾಷೆ ಮನೆಮಾತಾಗಲಿಲ್ಲ, ಈ ನೆಲದ ತಾಯಿಯ ಭಾಷೆ ಮನೆಮಾತಾಯಿತು. ವಿಕ್ಟರ್ ಡಿಸೋಜರು 1955ರಲ್ಲಿ ಕೆನರಾದ ನವಾಯತರ ಬಗ್ಗೆ ಪ್ರಕಟಿಸಿದ ಅಧ್ಯಯನಕ್ಕೆ ಎರಡು ಸಂಸ್ಕೃತಿಗಳ ಈ ಸಂಪರ್ಕವೇ ವಿಷಯ. ಇಬ್ನ್ ಬತೂತ ಎಣಿಸಿದ ಹದಿಮೂರು ಶಾಲೆಗಳ ಹೆಣ್ಣುಮಕ್ಕಳಿಗೆ ಊರಿನ ಇತಿಹಾಸದಲ್ಲಿ ಪಾಲು ಕೊಡಬೇಕಾದದ್ದು ಇಲ್ಲಿ.

ಕಟ್ಟುವುದೆಂದರೆ ಮನೆಯಷ್ಟೇ ಅಲ್ಲ. 1912ರಲ್ಲಿ ಭಟ್ಕಳದಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ಹುಟ್ಟಿತು, 1919ರಲ್ಲಿ ಅಂಜುಮನ್ ಹಾಮಿಯೇ ಮುಸ್ಲಿಮೀನ್ ಹುಟ್ಟಿ ಶಾಲೆ ತೆರೆಯಿತು. ಹೊರಗೆ ದುಡಿದ ಹಣ ಊರಿಗೆ ಮರಳುವ ದಾರಿಗಳಲ್ಲಿ ಇವೂ ಸೇರಿದವು.

ನಮ್ಮ ಕಾಲದ ಬೆಂಕಿಯನ್ನು ಬಿಟ್ಟು ಈ ಲೇಖನ ಮುಗಿಸಿದರೆ ಅಪ್ರಾಮಾಣಿಕತೆಯಾದೀತು. 1993ರ ಏಪ್ರಿಲ್‌ನಲ್ಲಿ ಭಟ್ಕಳದಲ್ಲಿ ಆರಂಭವಾದ ಗಲಭೆ ತಿಂಗಳುಗಟ್ಟಲೆ ನಡೆಯಿತು. 17 ಜನ ಸತ್ತರು, ಮನೆ ಅಂಗಡಿಗಳು ಸುಟ್ಟವು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿ 1997ರಲ್ಲಿ ವರದಿ ಕೊಟ್ಟಿತು. 1542ರಲ್ಲಿ ಬೆಂಕಿ ಹೊಳೆಯ ಬಾಯಿಂದ ಬಂದಿತ್ತು. 1993ರಲ್ಲಿ ಅದು ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಯಿತು. ಹೊರಗಿನವನು ಇಟ್ಟ ಬೆಂಕಿಯ ನಂತರ ನೆರೆಯವನು ಗರಿ ಹೆಣೆಯಲು ಬರುತ್ತಾನೆ. ನೆರೆಯವನ ಮೇಲೇ ಅನುಮಾನವಿದ್ದರೆ ಮಾಡು ಹೊದೆಸಲು ಯಾರನ್ನು ಕರೆಯುವುದು? ಇಷ್ಟು ಶತಮಾನಗಳಲ್ಲಿ ಈ ಊರು ಕಂಡ ಬೆಂಕಿಗಳಲ್ಲಿ ಇದು ಸಣ್ಣದೇ ಇರಬಹುದು, ಆರಿಸಲು ಕಷ್ಟವಾದದ್ದು ಇದೇ.

ಆಯೋಗದ ವರದಿಯೂ ಒಂದರ್ಥದಲ್ಲಿ ಕೊರೆಯನ ಪುಸ್ತಕದಂತೆಯೇ. ಅದರ ಕೆಲಸ ಬೆಂಕಿಯ ವಿಚಾರಣೆ. ಆ ಬಳಿಕ ಅಂಗಡಿಯ ಕದಕ್ಕೆ ಹೊಸ ಹಲಗೆ ಹೊಡೆದವರ, ಎದುರುಮನೆಯವರೊಡನೆ ಮೊದಲ ಸಲ ಮತ್ತೆ ಮಾತಾಡಿದವರ ವಿಷಯ ಅದರ ವ್ಯಾಪ್ತಿಗೆ ಬರುವುದಿಲ್ಲ. 1542ರ ಕುಟುಂಬವನ್ನು ನಾವು ಊಹಿಸಿಕೊಳ್ಳಬೇಕಾಯಿತು. 1993ರ ಕುಟುಂಬಗಳು ಎದುರಿಗೇ ಇವೆ. ಆಗ ನಲವತ್ತರ ಆಸುಪಾಸಿನಲ್ಲಿದ್ದು ಸುಟ್ಟ ಅಂಗಡಿಯನ್ನು ಮತ್ತೆ ತೆರೆದವರು ಈಗ ಎಪ್ಪತ್ತು ದಾಟಿದ್ದಾರೆ. ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ ಹಿಡಿದು ಎರಡೂ ಕಡೆಯ ಓಣಿಗಳಿಗೆ ಹೋಗಲಿ. ಮನೆಯಿಂದ ಮೊದಲು ಏನನ್ನು ಹೊರಗೆ ತಂದಿರಿ? ಮೊದಲ ಕೈಗಡ ಯಾರು ಕೊಟ್ಟರು? ಮತ್ತೆ ಬಾಗಿಲು ತೆರೆದ ದಿನ ಮೊದಲ ಗಿರಾಕಿ ಯಾರು? ಉತ್ತರ ಹೇಳಬೇಕಾದವರು ಬಹಳ ಸಲ ಒಳಮನೆಯಲ್ಲಿರುತ್ತಾರೆ. ಕರೆದು ಕೂರಿಸಿಕೊಂಡು ಕೇಳಬೇಕು.